ಬ್ಯಾಣದ ನೀರು ತೋಟಕ್ಕೆ ಯಾವ ದಾರಿಯಲ್ಲಿ ಇಳಿಯುತ್ತದೆ? ಡ್ರೋನ್ ನಕ್ಷೆ ಮಾಡಿ ನೋಡಿ

ಮಳೆಗಾಲದಲ್ಲಿ ತೋಟದ ಒಂದು ಮೂಲೆಯಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಸಿಗಾಲುವೆ ಎಷ್ಟು ಸಲ ಬಿಡಿಸಿದರೂ ಅದೇ ಕಥೆ. ನೀರು ಮೇಲಿನ ಬ್ಯಾಣದಿಂದ, ಅಂದರೆ ತೋಟಕ್ಕೆ ಸೇರಿದ ಹುಲ್ಲುಗಾವಲಿನಿಂದ, ಬರುತ್ತದೆ ಅಂತ ಗೊತ್ತು. ಆದರೆ ಯಾವ ದಾರಿಯಲ್ಲಿ? ನಮ್ಮ ಹೊಸನಗರ ಕಡೆ ಈ ಪ್ರಶ್ನೆ ಇಲ್ಲದ ತೋಟ ಕಡಿಮೆ.

ಉತ್ತರ ಹುಡುಕಲು ಸಣ್ಣ ಡ್ರೋನ್, ಒಂದು ಲ್ಯಾಪ್‌ಟಾಪ್, ಎರಡು ಮುಕ್ತ ತಂತ್ರಾಂಶ ಸಾಕು. ವೆಬ್‌ಓಡಿಎಂ ಫೋಟೊಗಳನ್ನು ಹೊಲಿದು ನಕ್ಷೆ ಮಾಡುತ್ತದೆ. ಕ್ಯೂಜಿಐಎಸ್‌ನಲ್ಲಿ ಆ ನಕ್ಷೆಯನ್ನು ಓದುತ್ತೇವೆ. ವೆಬ್‌ಓಡಿಎಂನ ಸಿದ್ಧ ಇನ್‌ಸ್ಟಾಲರ್‌ಗೆ ದುಡ್ಡು ಕೊಡಬೇಕು. ಡಾಕರ್ ಅನ್ನುವ ಸಹಾಯಕ ತಂತ್ರಾಂಶ ಹಾಕಿಕೊಂಡು ನೀವೇ ಕೂರಿಸಿದರೆ ಖರ್ಚಿಲ್ಲ, ಒಂದು ಸಂಜೆ ಹೋಗುತ್ತದೆ ಅಷ್ಟೆ.

ಮೊದಲೇ ಒಂದು ಮಾತು. ಅಡಿಕೆ ತೋಟದೊಳಗಿನ ನೆಲ ಡ್ರೋನಿಗೆ ಕಾಣುವುದಿಲ್ಲ. ಕಾಣುವುದು ಸೋಗೆ ಮಾತ್ರ. ಅದರ ಕೆಳಗಿನ ನೆಲವನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಆ ಊಹೆ ನಂಬಿ ಅಗಳ ತೋಡಿಸಬೇಡಿ. ಕಾನು, ಸೊಪ್ಪಿನಬೆಟ್ಟಕ್ಕೂ ಇದೇ ಮಾತು. ಹಾಗಾಗಿ ನಾವು ಹಾರಿಸುವುದು ತೋಟದ ಮೇಲಲ್ಲ. ಅದರ ನೆತ್ತಿಯ ಮೇಲಿರುವ ಬೋಳು ಬ್ಯಾಣದಲ್ಲಿ ಮತ್ತು ಕೆಳಗೆ ಕೊಯ್ಲಾದ ಗದ್ದೆಯಲ್ಲಿ.

ಹಾರಿಸುವ ಮೊದಲು

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ತನಕದ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. 2 ಕೆಜಿ ತನಕದ್ದನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೂ ಬೇಡ. ಬಾಡಿಗೆಗೆ ಹೊರಟರೆ ಬೇಕು. ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ನೋಡಿಕೊಳ್ಳಿ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ತನಕ ಹಾರಿಸಬಹುದು. ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ, ಶಿವಮೊಗ್ಗದ ಹತ್ತಿರದವರು ಇದನ್ನು ಮರೆಯಬಾರದು. ಶೆಟ್ಟಿಹಳ್ಳಿ, ಶರಾವತಿ ಕಣಿವೆ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೇಡವೇ ಬೇಡ. ಅಣೆಕಟ್ಟು, ಪವರ್‌ಹೌಸ್ ಕಡೆಗೂ ಹೋಗಬೇಡಿ.

ಪಕ್ಕದ ತೋಟದವರಿಗೆ ಹೇಳಿಬಿಡಿ. ಸುಮ್ನೆ ತಲೆಮೇಲೆ ಗುಂಯ್ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹತ್ತಿರದ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಆ ಕಡೆ ತಿರುಗಿಸಲೇಬೇಡಿ.

ಹಾರಿಸಲು ಒಳ್ಳೆಯ ಕಾಲ ಬ್ಯಾಣದ ಕರಡ (ಒಣಹುಲ್ಲು) ಕೊಯ್ದಾದ ಮೇಲೆ. ಮೊಣಕಾಲುದ್ದದ ಹುಲ್ಲು ನಿಂತಿದ್ದರೆ ತಂತ್ರಾಂಶ ಹುಲ್ಲಿನ ತುದಿಯನ್ನೇ ನೆಲ ಅಂದುಕೊಳ್ಳುತ್ತದೆ. ಮಂಜು ಪೂರ್ತಿ ಕರಗಿ, ನೆರಳು ಗಿಡ್ಡವಾದ ಮೇಲೆ, 11ರಿಂದ 2 ಗಂಟೆಯೊಳಗೆ ಮುಗಿಸಿ.

ಎತ್ತರದ ಲೆಕ್ಕ

ಒಂದೇ ಜಾಗ ಬೇರೆ ಬೇರೆ ಕಡೆಯಿಂದ ತೆಗೆದ ಹಲವು ಫೋಟೊಗಳಲ್ಲಿ ಬಂದರೆ ಮಾತ್ರ ಅದರ ಎತ್ತರ ಲೆಕ್ಕ ಹಾಕಲು ಆಗುತ್ತದೆ. ನಮ್ಮ ಎರಡು ಕಣ್ಣು ಮಾಡುವ ಕೆಲಸವೇ ಇದು. ಅದಕ್ಕೆ ಫೋಟೊಗಳು ಒಂದರ ಮೇಲೊಂದು ಹೊದೆದುಕೊಂಡಿರಬೇಕು. ಹಾರುವ ದಿಕ್ಕಿನಲ್ಲಿ 75%, ಪಕ್ಕದ ಸಾಲಿನ ಜೊತೆ 70%.

12 ಮೆಗಾಪಿಕ್ಸೆಲ್ ಕ್ಯಾಮೆರಾದ ಸಣ್ಣ ಡ್ರೋನನ್ನು 60 ಮೀಟರ್ ಎತ್ತರದಲ್ಲಿ ಹಾರಿಸಿದರೆ ಫೋಟೊದ ಒಂದು ಚುಕ್ಕೆ ನೆಲದಲ್ಲಿ ಸುಮಾರು 2 ಸೆಂಟಿಮೀಟರ್. 100 ಮೀಟರ್‌ನಲ್ಲಿ ಮೂರೂವರೆ. ನೀರಿನ ದಾರಿ ಹುಡುಕಲು ಇದು ಧಾರಾಳವಾಯಿತು. 60 ಮೀಟರ್‌ನಲ್ಲಿ 5 ಎಕರೆಗೆ ಅಂಚೂ ಸೇರಿ 80ರಿಂದ 100 ಫೋಟೊ ಬೇಕು.

ಬಯಲುಸೀಮೆಯವರಿಗೆ ಲೆಕ್ಕ ಇಲ್ಲಿಗೆ ಮುಗಿಯಿತು. ನಮಗೆ ಮುಗಿಯುವುದಿಲ್ಲ. ಡ್ರೋನ್ ತೋರಿಸುವ ಎತ್ತರ ಅದು ಮೇಲೆದ್ದ ಜಾಗದಿಂದ. ಗದ್ದೆಯಲ್ಲಿ ನಿಂತು 80 ಮೀಟರ್ ಅಂತ ಇಟ್ಟಿರಿ ಅನ್ನಿ. ಮುಂದೆ ಗುಡ್ಡ 40 ಮೀಟರ್ ಏರಿದರೆ ಅಲ್ಲಿ ನೆಲಕ್ಕೂ ಡ್ರೋನಿಗೂ ಉಳಿಯುವುದು 40 ಮಾತ್ರ. ಒಂದು ಫೋಟೊಗೆ ಸಿಗುವ ನೆಲ ಉದ್ದಕ್ಕೂ ಅಗಲಕ್ಕೂ ಅರ್ಧವಾಗುತ್ತದೆ. 75% ಇದ್ದ ಹೊದಿಕೆ 50ಕ್ಕೆ, 70% ಇದ್ದದ್ದು 40ಕ್ಕೆ ಇಳಿಯುತ್ತದೆ. ನಕ್ಷೆಯಲ್ಲಿ ಗುಡ್ಡದ ನೆತ್ತಿಯೇ ತೂತು. ಅಲ್ಲೊಂದು 25 ಮೀಟರಿನ ಮರ ಇದ್ದರೆ ಅದರ ತುದಿಗೆ ಬರೀ 15 ಮೀಟರ್ ಅಂತರ.

ನಾನು ಇದನ್ನು ಓದಿ ಕಲಿತದ್ದಲ್ಲ. ಮೊದಲ ವರ್ಷ ಅಂಗಳದಲ್ಲೇ ನಿಂತು 30 ಮೀಟರ್‌ಗೆ ಇಟ್ಟು ಬ್ಯಾಣದ ಕಡೆ ಕಳಿಸಿದೆ. ನೆಲ ಏರುತ್ತಾ ಹೋಯಿತು, ಡ್ರೋನ್ ಏರಲಿಲ್ಲ. ತೋಟದ ಮೇಲಂಚಿನ ಅಡಿಕೆ ಮರದ ಸೋಗೆಯಲ್ಲಿ ಹೋಗಿ ಕೂತಿತು. ಕೊನೆ ಕೊಯ್ಯುವ ದೋಟಿ ತಂದು ಇಳಿಸಿದ್ದಾಯಿತು. ದೋಟಿ ಹಿಡಿದವರು ಆಮೇಲೆ ಇಡೀ ವಾರ ಫಸಲು ಹೇಗಿದೆ ಅಂತ ವಿಚಾರಿಸುತ್ತಿದ್ದರು.

ದಾರಿ ಸುಲಭ. ಗುಡ್ಡದ ಮೇಲಿಂದ ಹಾರಿಸಿ. ನೆತ್ತಿಯಿಂದ 60 ಮೀಟರ್ ಇಟ್ಟರೆ, ನೆಲ 40 ಮೀಟರ್ ಇಳಿದ ಕಡೆ ಎತ್ತರ 100 ಆಗುತ್ತದೆ. ಫೋಟೊ ಸ್ವಲ್ಪ ಒರಟಾದರೂ ಹೊದಿಕೆ ಜಾಸ್ತಿಯೇ ಆಗುತ್ತದೆ, 120ರ ಮಿತಿಯೂ ದಾಟುವುದಿಲ್ಲ. ಇಳಿಜಾರು ಅದಕ್ಕಿಂತ ಹೆಚ್ಚಿದ್ದರೆ ಅಡ್ಡಡ್ಡ ಎರಡು ಪಟ್ಟಿ ಮಾಡಿ ಬೇರೆ ಬೇರೆ ಹಾರಿಸಿ. ನಿಮ್ಮ ಡ್ರೋನ್ ಮಿಷನ್ ಪ್ಲ್ಯಾನರ್ ಅಥವಾ ಕ್ಯೂಗ್ರೌಂಡ್‌ಕಂಟ್ರೋಲ್ ಅನ್ನುವ ಹಾರಾಟ ನಿಯಂತ್ರಣದ ತಂತ್ರಾಂಶಗಳ ಮಾತು ಕೇಳುವಂಥದ್ದಾದರೆ ನೆಲದ ಏರಿಳಿತಕ್ಕೆ ತಕ್ಕಂತೆ ಹಾರುವ ಆಯ್ಕೆ ಅವುಗಳಲ್ಲೇ ಇದೆ.

ಕೊನೆಗೆ ಕ್ಯಾಮೆರಾ ಸ್ವಲ್ಪ ಓರೆ ಮಾಡಿ ಹತ್ತಿಪ್ಪತ್ತು ಫೋಟೊ ತೆಗೆಯಿರಿ. ನೇರ ಕೆಳಗೆ ನೋಡಿದ ಫೋಟೊ ಮಾತ್ರ ಕೊಟ್ಟರೆ ಸಮತಟ್ಟು ಗದ್ದೆ ಕೂಡ ಕವುಚಿದ ಬಾಣಲೆಯ ಹಾಗೆ ಉಬ್ಬಿ ಬರುವುದುಂಟು.

ನೆಲದ ಗುರುತು

ಸಾದಾ ಜಿಪಿಎಸ್‌ನಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದಕ್ಕೇ ಸರ್ವೆ ಮಾಡುವವರು ನೆಲದಲ್ಲಿ ಗುರುತು ಹಾಕಿ, ದುಬಾರಿ ಯಂತ್ರದಿಂದ ಅಳೆದು, ಆ ಅಂಕಿ ತಂತ್ರಾಂಶಕ್ಕೆ ಕೊಡುತ್ತಾರೆ. ಮೊಬೈಲ್ ಹಿಡಿದು ಅದೇ ಕೆಲಸ ಮಾಡಲು ಹೋಗಬೇಡಿ. ಮೊಬೈಲಿನ ತಪ್ಪು ಡ್ರೋನಿನಷ್ಟೇ ಇರುತ್ತದೆ, ನಕ್ಷೆ ಇನ್ನೂ ಕೆಡುತ್ತದೆ.

ಅದರ ಬದಲು ಸುಣ್ಣದ ಪುಡಿಯಲ್ಲಿ ಒಂದು ಮೀಟರ್ ಉದ್ದದ ನಾಲ್ಕೈದು ಅಡ್ಡಗುರುತು ಹಾಕಿ. ಎರಡರ ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. ಯಾವುದು ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ ಗಾರೆ ಕೆಲಸದವರು ಲೆವೆಲ್ ನೋಡುವ ನೀರಿನ ಪೈಪು ಸಾಕು. ಇಳಿಜಾರಿನಲ್ಲಿ ಹಂತ ಹಂತವಾಗಿ ಹಿಡಿದು ಕೂಡಿಸಿಕೊಳ್ಳಿ. ನಕ್ಷೆ ಬಂದ ಮೇಲೆ ಈ ಅಂಕಿಗಳ ಜೊತೆ ತಾಳೆ ನೋಡಬಹುದು. ನಮಗೆ ಬೇಕಾದ್ದು ಯಾವ ಜಾಗ ಮೇಲೆ, ಯಾವುದು ಕೆಳಗೆ ಅನ್ನುವುದು ತಾನೆ?

ಬೇಲಿ ಜಗಳಕ್ಕೆ ಮಾತ್ರ ಈ ನಕ್ಷೆ ತೆಗೆದುಕೊಂಡು ಹೋಗಬೇಡಿ. ಹದ್ದುಬಸ್ತಿಗೆ ಸರ್ವೆ ಇಲಾಖೆಯೇ ಬರಬೇಕು.

ಹೊಲಿಗೆ, ಆಮೇಲೆ ಓದು

ವೆಬ್‌ಓಡಿಎಂನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಫೋಟೊಗಳನ್ನು ಹಾಕಿ. ಆಯ್ಕೆಗಳಲ್ಲಿ ಡಿಎಸ್‌ಎಂ ಮತ್ತು ಡಿಟಿಎಂ ಎರಡೂ ಇರುವುದನ್ನು ಆರಿಸಿ. ಡಿಎಸ್‌ಎಂ ಅಂದರೆ ಮರ, ಮನೆ ಸೇರಿದ ಎತ್ತರ. ಡಿಟಿಎಂ ಅಂದರೆ ಅವುಗಳನ್ನು ತೆಗೆದ ಬರೀ ನೆಲ. ನಮಗೆ ಎರಡನೆಯದು ಮುಖ್ಯ. 100 ಫೋಟೊಗೆ 16 ಜಿಬಿ ರ‍್ಯಾಮ್ ಇದ್ದರೆ ಆರಾಮ. ಕಡಿಮೆ ಇದ್ದರೆ ಫೋಟೊಗಳನ್ನು ಚಿಕ್ಕದು ಮಾಡುವ ಆಯ್ಕೆ ಅಲ್ಲೇ ಇದೆ. ರಾತ್ರಿ ಹಚ್ಚಿ ಮಲಗಿ. ನಮ್ಮೂರಿನ ಕರೆಂಟು ನಂಬಿ ಯುಪಿಎಸ್ ಇಲ್ಲದೆ ಹಚ್ಚಬೇಡಿ.

ಬೆಳಗ್ಗೆ ಡಿಟಿಎಂ ಕಡತವನ್ನು ಕ್ಯೂಜಿಐಎಸ್‌ಗೆ ಎಳೆದು ಹಾಕಿ. ನಕ್ಷೆಗಳ ಅಳತೆ ಪದ್ಧತಿಯಾದ ಯುಟಿಎಂನಲ್ಲಿ ಶಿವಮೊಗ್ಗ ಜಿಲ್ಲೆ 43 ಉತ್ತರ ವಲಯದಲ್ಲಿದೆ, ಇಪಿಎಸ್‌ಜಿ ಸಂಖ್ಯೆ 32643. ಕಡತ ಅದರಲ್ಲೇ ಇದೆಯಾ ನೋಡಿ. ಆಮೇಲೆ ಚುಕ್ಕೆಯ ಅಳತೆಯನ್ನು 1 ಮೀಟರ್‌ಗೆ ಏರಿಸಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದೊಂದು ಕಲ್ಲು, ಪೊದೆಗೂ ಗೆರೆ ಸುತ್ತುತ್ತದೆ. ರಾಸ್ಟರ್ ಮೆನುವಿನ ಎಕ್ಸ್‌ಟ್ರ್ಯಾಕ್ಷನ್‌ನಲ್ಲಿ ಕಾಂಟೂರ್ ಇದೆ. ಅದಕ್ಕೆ 1 ಮೀಟರ್ ಅಂತರ ಕೊಡಿ, ಸಮಮಟ್ಟದ ಗೆರೆಗಳು ಬರುತ್ತವೆ. ನೀರು ಈ ಗೆರೆಗಳನ್ನು ನೇರ ಅಡ್ಡ ದಾಟಿ ಇಳಿಯುತ್ತದೆ. ಗೆರೆಗಳು ಗುಡ್ಡದ ಕಡೆಗೆ ಮೂಗು ಚಾಚಿದಲ್ಲೆಲ್ಲ ಒಂದು ಸಣ್ಣ ಹಳ್ಳ ಇದೆ ಅಂತ ಅರ್ಥ. ಕಣ್ಣಿಗೆ ಸಿಗದಿದ್ದರೆ ಟೂಲ್‌ಬಾಕ್ಸ್‌ನಲ್ಲಿ ಗ್ರಾಸ್‌ನ ವಾಟರ್‌ಶೆಡ್ ಉಪಕರಣ ಓಡಿಸಿ. ಎಲ್ಲೆಲ್ಲಿಂದ ನೀರು ಬಂದು ಎಲ್ಲಿ ಕೂಡುತ್ತದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಇಂಗುಗುಂಡಿ ತೆಗೆಯಬೇಕಾದ್ದು ಆ ಗೆರೆಯ ಮೇಲ್ಭಾಗದಲ್ಲಿ, ಬ್ಯಾಣದೊಳಗೆ.

ನನ್ನ ನಕ್ಷೆಯಲ್ಲಿ ನೀರೆಲ್ಲ ಮಣ್ಣಿನ ರಸ್ತೆಯ ಹಿಂದೆ ಬಂದು, ರಸ್ತೆಗುಂಟ ಎಡಕ್ಕೆ ಹರಿದು ಎತ್ತಲೋ ಹೋಗುತ್ತಿತ್ತು. ತೋಟಕ್ಕೆ ಬರುತ್ತಲೇ ಇರಲಿಲ್ಲ. ತಂತ್ರಾಂಶ ಕೆಟ್ಟಿತು ಅಂದುಕೊಂಡೆ. ದೋಟಿ ಹಿಡಿದಿದ್ದ ಅದೇ ಹಿರಿಯರು ಪರದೆ ನೋಡಿ, "ಅಲ್ಲೊಂದು ಮೋರಿ ಇದ್ಯಲ್ಲ ಮಾರಾಯ್ರೆ" ಅಂದರು. ಹೌದು, ರಸ್ತೆಯಡಿಯ ಮೋರಿ ಮೇಲಿನಿಂದ ಕಾಣುವುದಿಲ್ಲ. ಡ್ರೋನಿಗೆ ರಸ್ತೆ ಒಂದು ಕಟ್ಟೆ. ಹೀಗಿದ್ದಲ್ಲಿ ಕ್ಯೂಜಿಐಎಸ್‌ನಲ್ಲಿ ಮೋರಿಯ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆ ಬಿದ್ದ ಕಡೆ ಡಿಟಿಎಂನ ಎತ್ತರವನ್ನು ಮೋರಿಯ ತಳದ ಮಟ್ಟಕ್ಕೆ ಇಳಿಸಿ, ವಾಟರ್‌ಶೆಡ್ ಮತ್ತೊಮ್ಮೆ ಓಡಿಸಬೇಕು. ನಾನು ಹಾಗೆ ಮಾಡಿದಾಗ ನೀಲಿ ಗೆರೆ ಮೋರಿ ದಾಟಿ, ನೇರ ನಮ್ಮ ಆ ಮೂಲೆಯ ತಲೆಯ ಮೇಲೆ ಬಂದು ನಿಂತಿತು.