ಕೇಳದಿದ್ದರೆ ಯಾರೂ ಹೇಳುವುದಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ವಿಶೇಷ ಮಕ್ಕಳಿರುವ ಕನ್ನಡ ಮನೆಗಳಿಗೆ

ಆಟಿಸಂ ಇರುವ ಮಗುವಿನ ಈಜು ಕ್ಲಾಸಿಗೆ, ಬೇಸಿಗೆ ಕ್ಯಾಂಪಿಗೆ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ದುಡ್ಡು ಸಿಗುತ್ತದೆ. ಇದನ್ನು ಡಾಕ್ಟರು ಹೇಳುವುದು ಕಡಿಮೆ. ಸ್ಕೂಲಿನವರಂತೂ ಹೇಳುವುದೇ ಇಲ್ಲ. ಹೇಳುವವರು ಯಾರು ಅಂದರೆ, ಪಾರ್ಕಿನಲ್ಲಿ ಪಕ್ಕದ ಬೆಂಚಿನ ಮೇಲೆ ಕೂತ, ನಿಮ್ಮ ಹಾಗೇ ಇನ್ನೊಂದು ಮಗುವಿನ ಹಿಂದೆ ಓಡಿ ಓಡಿ ಸುಸ್ತಾದ ಒಬ್ಬ ಅಮ್ಮ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಇಲ್ಲಿ ಪೋಷಕರ ಕೂಟ, ಮಕ್ಕಳ ಆಟದ ದಿನ ಅಂತ ನಡೆಯುವುದನ್ನು ಬರೀ ಕಾಲಕ್ಷೇಪ ಅಂದುಕೊಳ್ಳಬೇಡಿ. ಮಾಹಿತಿ ಕೈ ಬದಲಾಗುವುದೇ ಅಲ್ಲಿ.

ನಮ್ಮವರು ಅಲ್ಲಿಗೆ ಹೋಗುವುದು ತುಂಬಾ ತಡವಾಗಿ. ಮಗುವಿಗೆ ಎರಡೂವರೆ ವರ್ಷ, ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ಊರಿಂದ ಬಂದ ಅಜ್ಜಿ "ನಿಮ್ಮ ಚಿಕ್ಕಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ನಿರು" ಅಂತಾರೆ. ಆರು ತಿಂಗಳು ಹಾಗೇ ಹೋಗುತ್ತದೆ. ಅಜ್ಜಿಯನ್ನು ಬೈದು ಪ್ರಯೋಜನವಿಲ್ಲ. ಆದರೆ ಈ ಆರು ತಿಂಗಳು ದುಬಾರಿ. ಯಾಕೆಂದರೆ ಇಲ್ಲಿಯ ವ್ಯವಸ್ಥೆ ಮೂರನೇ ಹುಟ್ಟುಹಬ್ಬದ ದಿನ ಕೈ ಬದಲಾಗುತ್ತದೆ.

ಬೆಳವಣಿಗೆ ತಡವಾದ, ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಸ್ಟಾರ್ಟ್ ಅಂತ ಕಾರ್ಯಕ್ರಮವಿದೆ. ಹೆಚ್ಚಿನ ಮಕ್ಕಳಿಗೆ ಇದನ್ನು ನೋಡಿಕೊಳ್ಳುವುದು ರೀಜನಲ್ ಸೆಂಟರ್, ಅಂದರೆ ಸರ್ಕಾರದ ದುಡ್ಡಿನಲ್ಲಿ ಇಂಥವರಿಗೆ ಸೇವೆ ಒದಗಿಸುವ ಸ್ಥಳೀಯ ಸಂಸ್ಥೆ. ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ಹೆಸರು ಕೊಟ್ಟ 45 ದಿನದೊಳಗೆ ಮಗುವನ್ನು ಪರೀಕ್ಷಿಸಿ ಯೋಜನೆ ಬರೆಯಬೇಕು ಅಂತ ಕಾನೂನೇ ಇದೆ. ಮೂರು ತುಂಬಿದ ಮೇಲೆ ಪಾಠದ ಜವಾಬ್ದಾರಿ ಸ್ಕೂಲ್ ಡಿಸ್ಟ್ರಿಕ್ಟಿನದು. ಆಮೇಲೂ ರೀಜನಲ್ ಸೆಂಟರ್ ಜೊತೆಗಿರಬೇಕು ಅಂದರೆ ಮತ್ತೆ ಅರ್ಹತೆ ನೋಡುತ್ತಾರೆ: ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಸೆರೆಬ್ರಲ್ ಪಾಲ್ಸಿ, ಎಪಿಲೆಪ್ಸಿ, ಇಲ್ಲವೇ ಬೌದ್ಧಿಕ ಅಸಾಮರ್ಥ್ಯಕ್ಕೆ ಹತ್ತಿರದ ಸ್ಥಿತಿ. 18 ತುಂಬುವ ಮೊದಲೇ ಶುರುವಾಗಿರಬೇಕು, ದಿನನಿತ್ಯದ ಬದುಕಿಗೆ ಸಾಕಷ್ಟು ತೊಡಕಾಗಿರಬೇಕು.

ರಾಜ್ಯದಲ್ಲಿ ಇಂಥ 21 ಸೆಂಟರ್‌ಗಳಿವೆ. ಸ್ಯಾನ್ ಹೋಸೆ, ಸನಿವೇಲ್, ಕುಪರ್ಟಿನೋ ಕಡೆಯವರಿಗೆ ಸ್ಯಾನ್ ಆಂಡ್ರಿಯಾಸ್. ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಗೆ ಈಸ್ಟ್ ಬೇ. ಸ್ಯಾನ್ ಮಟೇಯೋ ಕೌಂಟಿಗೆ ಗೋಲ್ಡನ್ ಗೇಟ್. ಮನೆ ಬದಲಾಯಿಸಿದರೆ ಸೆಂಟರೂ ಬದಲಾಗಬಹುದು, ನೆನಪಿರಲಿ. ಇದರ ಹಿಂದೆ ಇರುವುದು 1969ರ ಲ್ಯಾಂಟರ್‌ಮನ್ ಕಾಯ್ದೆ. ಮಕ್ಕಳನ್ನು ದೊಡ್ಡ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಡಿಹಾಕುವುದು ಬೇಡ, ಮನೆಯಲ್ಲೇ ಬೆಳೆಸುತ್ತೇವೆ, ಸಹಾಯ ಮಾಡಿ ಅಂತ ಪೋಷಕರು ಹಟ ಹಿಡಿದದ್ದರ ಫಲ ಅದು. ಆ ಕಾಯ್ದೆಯಿಂದಾಗಿ ಇಲ್ಲಿ ಸೇವೆ ಹಕ್ಕು, ಭಿಕ್ಷೆ ಅಲ್ಲ. ಟೆಕ್ಸಾಸ್‌ನಲ್ಲಿ ಇದೇ ತರಹದ ಸಹಾಯಕ್ಕೆ ವರ್ಷಗಟ್ಟಲೆ ಕಾಯುವ ಪಟ್ಟಿ ಇದೆ. ಆಸ್ಟಿನ್‌ನಲ್ಲಿ ಮನೆ ಅಗ್ಗ ಅಂತ ಕೆಲಸ ಬದಲಾಯಿಸುವ ಮೊದಲು ಈ ಲೆಕ್ಕವನ್ನೂ ಹಾಕಿ. ಹೋಗಲೇಬೇಕಾದರೆ, ಅಲ್ಲಿ ಇಳಿದ ವಾರವೇ ಪಟ್ಟಿಯಲ್ಲಿ ಹೆಸರು ಬರೆಸಿ.

ವೀಸಾ ಭಯ ಎಲ್ಲರಿಗೂ ಇದ್ದದ್ದೇ. ರೀಜನಲ್ ಸೆಂಟರ್ ಸೇವೆ ಕೊಡಲು ವೀಸಾ ಯಾವುದು ಅಂತ ನೋಡುವುದಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ವಾಸ ಇದ್ದರೆ ಸಾಕು. ಸಂಬಳ ಜಾಸ್ತಿ ಅಂತ ಬಾಗಿಲು ಹಾಕುವುದೂ ಇಲ್ಲ. ಸ್ಕೂಲಿನ ವಿಶೇಷ ಶಿಕ್ಷಣ ಪಡೆದರೆ ಗ್ರೀನ್ ಕಾರ್ಡಿಗೆ ಏನೂ ಆಗುವುದಿಲ್ಲ. ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ರಾಜ್ಯದ ಆರೋಗ್ಯ ವಿಮೆ), ಎಸ್‌ಎಸ್‌ಐ (ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಮಾಸಾಶನ) ವಿಷಯ ಮಾತ್ರ ಬೇರೆ. ಅದರ ನಿಯಮ ಸರ್ಕಾರ ಬದಲಾದಂತೆ ಬದಲಾಗುತ್ತಿರುತ್ತದೆ. ಅರ್ಜಿ ಹಾಕುವ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಇನ್ನು ಆ ಈಜು ಕ್ಲಾಸಿನ ಕಥೆ. 2009ರಲ್ಲಿ ರಾಜ್ಯಕ್ಕೆ ದುಡ್ಡಿನ ಮುಗ್ಗಟ್ಟು ಬಂದಾಗ ಆಟೋಟ, ಕ್ಯಾಂಪ್, ಮನರಂಜನೆಗೆ ರೀಜನಲ್ ಸೆಂಟರ್ ಕೊಡುತ್ತಿದ್ದ ಹಣವನ್ನು ನಿಲ್ಲಿಸಿದ್ದರು. 2021ರಲ್ಲಿ ಮತ್ತೆ ಶುರು ಮಾಡಿದರು. ಇದಕ್ಕೆ ಇಲ್ಲಿ ಎಲ್ಲರೂ ಸೋಶಿಯಲ್ ರೆಕ್ ಅಂತಾರೆ. ನಡುವೆ ಹನ್ನೆರಡು ವರ್ಷ ಇಲ್ಲದೇ ಇದ್ದುದರಿಂದ ಹಳಬರಿಗೆ ಮರೆತೇ ಹೋಗಿದೆ, ಹೊಸಬರಿಗೆ ಗೊತ್ತೇ ಇಲ್ಲ. ನೀವು ಮಾಡಬೇಕಾದದ್ದು ಇಷ್ಟು: ಐಪಿಪಿ (ಮಗುವಿಗೆ ರೀಜನಲ್ ಸೆಂಟರ್ ಬರೆಯುವ ಸೇವೆಯ ಯೋಜನೆ) ಮೀಟಿಂಗ್‌ನಲ್ಲಿ, ಅಥವಾ ಮಧ್ಯದಲ್ಲೇ ಮೀಟಿಂಗ್ ಬೇಕು ಅಂತ ಕೇಳಿ, ಸೆಂಟರ್‌ನಲ್ಲಿ ನಿಮ್ಮ ಮಗುವಿನ ಕೇಸ್ ನೋಡುವ ಸರ್ವಿಸ್ ಕೋಆರ್ಡಿನೇಟರ್‌ಗೆ ಇಮೇಲ್‌ನಲ್ಲಿ ಬರೆಯಿರಿ. "ನಮ್ಮ ಹುಡುಗನಿಗೆ ಈಜು ಇಷ್ಟ" ಅಂದರೆ ಸಾಲದು. "ನೀರು ಕಂಡರೆ ಓಡುತ್ತಾನೆ, ಜೀವಕ್ಕೆ ಅಪಾಯ, ಗುಂಪಿನಲ್ಲಿ ಸರದಿ ಕಾಯುವುದು ಕಲಿಯಬೇಕು" ಅಂತ ಗುರಿಯಾಗಿ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಹೇಳಿದಂತೆ ಅಲ್ಲ. ಬರೆದದ್ದಕ್ಕೆ ಮಾತ್ರ ಬೆಲೆ.

ಇಲ್ಲ ಅಂದರೆ? ಇಲ್ಲ ಅನ್ನುವುದನ್ನೂ ಅವರು ಬರವಣಿಗೆಯಲ್ಲೇ ಕೊಡಬೇಕು. ಅದಕ್ಕೆ ನೋಟಿಸ್ ಆಫ್ ಆಕ್ಷನ್ ಅಂತಾರೆ. ಅದು ಬಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಈಗಾಗಲೇ ಸಿಗುತ್ತಿರುವ ಸೇವೆ ಕಡಿತವಾಗುತ್ತಿದ್ದರೆ 30 ದಿನದೊಳಗೆ ಹಾಕಿ, ಆಗ ತೀರ್ಮಾನ ಆಗುವ ತನಕ ಅದು ನಿಲ್ಲುವುದಿಲ್ಲ. ಡಿಸಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾದವರ ವಕೀಲರ ಸಲಹೆಗೆ ಫೀಸ್ ಇಲ್ಲ. ನಮ್ಮವರಿಗೆ ಮೇಲ್ಮನವಿ ಅಂದರೆ ಜಗಳ ಅಂತ ಅನ್ನಿಸಿ ಹಿಂದೆ ಸರಿಯುತ್ತಾರೆ, ಕೋಆರ್ಡಿನೇಟರ್ ಬೇಜಾರಾಗುತ್ತಾರೇನೋ ಅಂತ. ಅವರಿಗೆ ಅದು ದಿನದ ಕೆಲಸ, ಬೇಜಾರು ಯಾಕೆ ಮಾಡಿಕೊಳ್ತಾರೆ?

ರೆಸ್ಪೈಟ್ ಅನ್ನೋದನ್ನೂ ಕೇಳಿ. ತಿಂಗಳಿಗೆ ಇಷ್ಟು ಗಂಟೆ ಅಂತ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಕೊಡುತ್ತಾರೆ, ಅಪ್ಪ ಅಮ್ಮ ಉಸಿರು ಬಿಡಲಿ ಅಂತ. ಮೆಡಿ-ಕ್ಯಾಲ್ ವೇವರ್, ಅಂದರೆ ವಿಶೇಷ ವಿನಾಯಿತಿ ಸಿಕ್ಕರೆ ಪೋಷಕರ ಆದಾಯ ಲೆಕ್ಕಕ್ಕಿಲ್ಲ, ಆಮೇಲೆ ಐಎಚ್‌ಎಸ್‌ಎಸ್ (ಮನೆಯಲ್ಲೇ ಮಾಡುವ ಆರೈಕೆಗೆ ದುಡ್ಡು ಕೊಡುವ ಸರ್ಕಾರಿ ಯೋಜನೆ) ಮೂಲಕ ಮಗುವಿನ ಆರೈಕೆ ಮಾಡುವ ಅಪ್ಪ ಅಥವಾ ಅಮ್ಮನಿಗೇ ಸಂಬಳ ಬರುವ ದಾರಿಯೂ ಇದೆ. ಎಚ್4 (ಎಚ್1ಬಿ ಇರುವವರ ಗಂಡ ಅಥವಾ ಹೆಂಡತಿಯ ವೀಸಾ) ಮೇಲಿದ್ದು ಇಎಡಿ (ಕೆಲಸ ಮಾಡುವ ಪರವಾನಗಿ) ಇಲ್ಲದಿದ್ದರೆ ಮಾತ್ರ ಆ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ.

ಸ್ಕೂಲಿನ ಐಇಪಿ, ಅಂದರೆ ಮಗುವಿನ ವಿಶೇಷ ಶಿಕ್ಷಣದ ಯೋಜನೆ ಬಗ್ಗೆ ಬರೆದರೆ ಪುಸ್ತಕವೇ ಆದೀತು, ಎರಡು ಮಾತು ಮಾತ್ರ. ಪರೀಕ್ಷೆ ಮಾಡಿ ಅಂತ ಕಾಗದದಲ್ಲಿ ಬರೆದುಕೊಡಿ: 15 ದಿನದಲ್ಲಿ ಅವರು ಪರೀಕ್ಷೆಯ ಯೋಜನೆ ಕಳಿಸಬೇಕು, ನೀವು ಸಹಿ ಹಾಕಿ ಕೊಟ್ಟ 60 ದಿನದೊಳಗೆ ಮೀಟಿಂಗ್ ಆಗಬೇಕು. ಮೀಟಿಂಗ್‌ನಲ್ಲಿ ಐದಾರು ಜನ ಸುತ್ತ ಕೂತು ನಗುನಗುತ್ತಾ ಪೆನ್ ಕೊಡುತ್ತಾರೆ, ಅಲ್ಲೇ ಸಹಿ ಹಾಕಬೇಡಿ. ಮನೆಗೆ ತಂದು ಓದಿ. 24 ಗಂಟೆ ಮೊದಲು ತಿಳಿಸಿದರೆ ಧ್ವನಿ ರೆಕಾರ್ಡ್ ಮಾಡಿಕೊಳ್ಳಬಹುದು. ಮಗುವನ್ನು ನೋಡಿಕೊಳ್ಳುವ ಪೋಷಕರಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ಕನ್ನಡ ದುಭಾಷಿಯನ್ನು ಕೇಳುವ ಹಕ್ಕೂ ಇದೆ. "ಮನೆಯಲ್ಲಿ ಕನ್ನಡ ಬಿಡಿ, ಮಗುವಿಗೆ ಗೊಂದಲ" ಅಂತ ಇನ್ನೂ ಕೆಲವರು ಸಲಹೆ ಕೊಡುತ್ತಾರೆ. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದನ್ನು ಸಂಶೋಧನೆಗಳು ಒಪ್ಪಿಲ್ಲ. ಅಜ್ಜಿಯ ಜೊತೆ ಮಗು ಮತ್ಯಾವ ಭಾಷೆಯಲ್ಲಿ ಇರಬೇಕು ಹೇಳಿ.

ಇಷ್ಟೆಲ್ಲ ಒಬ್ಬರೇ ಓದಿ ತಿಳಿದುಕೊಳ್ಳುವುದು ಕಷ್ಟ. ಸ್ಯಾನ್ ಹೋಸೆಯಲ್ಲಿ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಅಂತ 1976ರಿಂದ ಇರುವ ಸಂಸ್ಥೆ ಇದೆ. ಹೆಸರೇ ಹೇಳುವ ಹಾಗೆ ನಡೆಸುವವರೂ ಪೋಷಕರೇ. ಐಇಪಿ ತರಬೇತಿ, ಬೆಂಬಲ ಗುಂಪುಗಳು ಅಲ್ಲಿ ಸಿಗುತ್ತವೆ. ಅಲಮೀಡಾ ಕೌಂಟಿಯವರಿಗೆ ಫ್ಯಾಮಿಲಿ ರಿಸೋರ್ಸ್ ನ್ಯಾವಿಗೇಟರ್ಸ್. ದಕ್ಷಿಣ ಏಷ್ಯಾದ ಕುಟುಂಬಗಳು ಸೇರಿ ಕಟ್ಟಿದ ಜೀನಾ ಅನ್ನುವ ಸಂಸ್ಥೆ ಇದೆ. ಅಲ್ಲಿ ಮಗು ಚಪ್ಪಾಳೆ ತಟ್ಟುತ್ತಾ ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಸಮೋಸಾ ತಿನ್ನುತ್ತಾ ನಿಮ್ಮ ಪ್ರಶ್ನೆ ಕೇಳಬಹುದು. ಫ್ರೆಂಡ್ಸ್ ಆಫ್ ಚಿಲ್ಡ್ರನ್ ವಿತ್ ಸ್ಪೆಶಲ್ ನೀಡ್ಸ್ ಅನ್ನು 1996ರಲ್ಲಿ ಕೆಲವು ಚೀನೀ ಕುಟುಂಬಗಳು ಶುರು ಮಾಡಿದವು. ಈಗ ಫ್ರೀಮಾಂಟ್‌ನಲ್ಲಿ ಅವರದೇ ಕಟ್ಟಡ ಇದೆ, ದೊಡ್ಡವರಾದ ಮಕ್ಕಳಿಗೆ ಹಗಲಿನ ಕಾರ್ಯಕ್ರಮವೂ ಇದೆ. ನೋಡಿದರೆ ನಾವೂ ಹೀಗೆ ಯಾಕೆ ಮಾಡಲಿಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ, ಆಗಲಿ.

ಶನಿವಾರಕ್ಕೆ ಎಲ್ಲಿಗೆ ಹೋಗೋದು ಅನ್ನುವವರು ಪಾಲೋ ಆಲ್ಟೋದ ಮಿಚೆಲ್ ಪಾರ್ಕ್‌ನಲ್ಲಿರುವ ಮ್ಯಾಜಿಕಲ್ ಬ್ರಿಜ್ ಆಟದ ಮೈದಾನಕ್ಕೆ ಹೋಗಿ. 2015ರಲ್ಲಿ ತೆರೆದದ್ದು. ಮರದ ಮೇಲಿನ ಮನೆಗೂ ವೀಲ್‌ಚೇರ್ ಹೋಗುತ್ತದೆ, ಗದ್ದಲ ತಡೆಯಲಾಗದ ಮಕ್ಕಳು ಅಡಗಿ ಕೂರಲು ಜಾಗ ಇದೆ. ಸನಿವೇಲ್, ರೆಡ್‌ವುಡ್ ಸಿಟಿಯಲ್ಲೂ ಅದೇ ತರಹದ್ದು ಬಂದಿವೆ. ಎಎಂಸಿ ಚಿತ್ರಮಂದಿರಗಳಲ್ಲಿ ಸೆನ್ಸರಿ ಫ್ರೆಂಡ್ಲಿ ಪ್ರದರ್ಶನ ಇರುತ್ತದೆ. ದೀಪ ಪೂರ್ತಿ ಆರಿಸುವುದಿಲ್ಲ, ಶಬ್ದ ತಗ್ಗಿಸಿರುತ್ತಾರೆ, ಮಗು ಎದ್ದು ಕುಣಿದರೂ ಸರಿ. ಸ್ಪೆಶಲ್ ಒಲಿಂಪಿಕ್ಸ್‌ನಲ್ಲಿ ಆಟಗಾರರಿಗೆ ಫೀಸೇ ಇಲ್ಲ. ಯೋಸೆಮಿಟಿಗೆ ಹೋಗುವವರಿಗೆ ಒಂದು ಗುಟ್ಟು: ಶಾಶ್ವತ ಅಂಗವಿಕಲತೆ ಇರುವ ಅಮೆರಿಕದ ಪ್ರಜೆಗೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ನ್ಯಾಶನಲ್ ಪಾರ್ಕ್‌ಗಳ ಆಕ್ಸೆಸ್ ಪಾಸ್ ಜೀವನಪೂರ್ತಿ ಉಚಿತ. ನೀವು ಎಚ್1ಬಿ ಇರಬಹುದು, ಇಲ್ಲೇ ಹುಟ್ಟಿದ ಮಗು ಪ್ರಜೆ ಅಲ್ವಾ? ಪಾಸ್ ಮಗುವಿನ ಹೆಸರಿನಲ್ಲಿ, ಕಾರಿನಲ್ಲಿ ಕೂತವರೆಲ್ಲ ಒಳಗೆ. ರಾಜ್ಯದ ಪಾರ್ಕ್‌ಗಳಿಗೆ ಬೇರೆ ಪಾಸ್, ಮೂರೂವರೆ ಡಾಲರ್ ಕೊಟ್ಟರೆ ಅರ್ಧ ಬೆಲೆ.

ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಮಾತ್ರ ಈ ಮನೆಗಳು ಬರುವುದು ಕಡಿಮೆ. ಮೈಕಿನ ಶಬ್ದ, ಊಟದ ಉದ್ದ ಸಾಲು, ಮತ್ತೆ ಆ ನೋಟಗಳು. ಸಂಘಟಕರು ದೊಡ್ಡದೇನೂ ಮಾಡಬೇಕಿಲ್ಲ. ಹಾಲ್ ಬಾಡಿಗೆಗೆ ತೆಗೆದುಕೊಳ್ಳುವಾಗ ಪಕ್ಕದ ಒಂದು ಕೋಣೆಯನ್ನು ಶಾಂತ ಕೋಣೆಯಾಗಿ ಇಟ್ಟು, ಬಾಗಿಲ ಹತ್ತಿರ ನಾಲ್ಕು ಕುರ್ಚಿ ಕಾಯ್ದಿರಿಸಿ, ಆ ಮನೆಯವರಿಗೆ ಸಾಲಿಗಿಂತ ಮೊದಲೇ ಬಿಸಿಬೇಳೆಬಾತ್ ಕೊಟ್ಟರೆ ಸಾಕು. ಕೂಟದವರಿಗೆ ತಾವಾಗಿಯೇ ಹೊಳೆಯಲಿಕ್ಕಿಲ್ಲ. ಟಿಕೆಟ್ ತೆಗೆದುಕೊಳ್ಳುವಾಗ ಬರೆದು ಕೇಳಿ.

ಕೊನೆಗೆ ದುಡ್ಡಿನ ಮಾತು, ಯಾಕೆಂದರೆ ಇದರಲ್ಲಿ ಊರಿನವರೂ ಸೇರಿದ್ದಾರೆ. ಮಗು 18 ದಾಟಿದ ಮೇಲೆ ಎಸ್‌ಎಸ್‌ಐಗೆ ಪೋಷಕರ ಸಂಬಳ ನೋಡುವುದಿಲ್ಲ, ಆದರೆ ಅವನ ಸ್ವಂತ ಹೆಸರಿನಲ್ಲಿ 2000 ಡಾಲರ್‌ಗಿಂತ ಜಾಸ್ತಿ ಆಸ್ತಿ ಇರಬಾರದು. ಮೈಸೂರಿನ ತಾತ ಪ್ರೀತಿಯಿಂದ ಮೊಮ್ಮಗನ ಹೆಸರಿಗೆ ಒಂದು ಸೈಟು ಬರೆದಿಟ್ಟರೆ, ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ, ಅದೇ ಮುಳುವಾಗುತ್ತದೆ. ಉಳಿತಾಯಕ್ಕೆ ಕ್ಯಾಲ್‌ಏಬಲ್ (ಅಂಗವಿಕಲರಿಗಾಗಿ ರಾಜ್ಯದ ಉಳಿತಾಯ ಯೋಜನೆ) ಖಾತೆ ತೆರೆಯಿರಿ. ಅದರಲ್ಲಿ 1 ಲಕ್ಷ ಡಾಲರ್ ತನಕ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಮೇಲಿನದಕ್ಕೆ ಸ್ಪೆಶಲ್ ನೀಡ್ಸ್ ಟ್ರಸ್ಟ್ (ಆಸ್ತಿಯನ್ನು ಅವನ ಹೆಸರಿನಲ್ಲಿ ಇಡದೆ ಅವನಿಗಾಗಿ ನೋಡಿಕೊಳ್ಳುವ ವ್ಯವಸ್ಥೆ) ಮಾಡಿಸಿ, ಎರಡೂ ದೇಶದ ಆಸ್ತಿ ಗೊತ್ತಿರುವ ವಕೀಲರನ್ನು ಹುಡುಕಿ. ತಾತ ವಿಲ್ ಬರೆಯುವ ಮೊದಲೇ ಅವರಿಗೆ ಒಂದು ಫೋನ್ ಮಾಡಿ ಇದನ್ನು ಬಿಡಿಸಿ ಹೇಳಿ. ಮೊಮ್ಮಗನಿಗೆ ಏನೂ ಕೊಡಬೇಡಿ ಅಂತ ಅಲ್ಲ, ಅವನ ಹೆಸರಿಗೆ ನೇರವಾಗಿ ಬರೆಯಬೇಡಿ ಅಂತ.