ಖಣದ ಬ್ಯಾಗಿಗೆ ಮ್ಯಾಗ್ನೆಟ್ ಬಟನ್: ನಾನು ನಿಲ್ಲಿಸಿದ್ದು ಹೀಗೆ

"ಖಣಕ್ಕೆ ಮ್ಯಾಗ್ನೆಟ್ ಬಟನ್ ನಿಲ್ಲಲ್ಲ, ಸುಮ್ನೆ ಜಿಪ್ ಹಾಕಿ." ಬೆಂಗಳೂರಿನ ಮಾಮೂಲ್‌ಪೇಟೆಯ ಅಂಗಡಿಯವರು ಹೀಗೇ ಹೇಳಿದ್ದರು, ನಮ್ಮ ಹೊಲಿಗೆಯವರದೂ ಅದೇ ರಾಗ. ಈಗ ಒಂದೂವರೆ ವರ್ಷದಲ್ಲಿ ಖಣದ, ಅಂದರೆ ರವಿಕೆ ಬಟ್ಟೆಯ, ಸುಮಾರು 300 ಬ್ಯಾಗ್ ಮಾರಿದ್ದೇನೆ. ಬಟನ್ ಕಿತ್ತು ವಾಪಸ್ ಬಂದದ್ದು ನಾಲ್ಕೋ ಐದೋ.

ಮೊದಲ 40 ಬ್ಯಾಗ್ ಮಾತ್ರ ಪೂರ್ತಿ ಹಾಳು. ಫ್ಯೂಸಿಂಗ್ (ಇಸ್ತ್ರಿ ಹಾಕಿ ಅಂಟಿಸುವ ಒಳಪದರ) ಅಂಟಿಸಿ, ಕತ್ತರಿಯಲ್ಲಿ ಸೀಳು ಮಾಡಿ, 18 ಎಂಎಂ ಬಟನ್ ಕೂರಿಸಿದ್ದೆ. ಗುಳೇದಗುಡ್ಡದ ಖಣ ಅಲ್ವಾ, ಸೀಳಿದ ಕಡೆಯಿಂದ ಎಳೆ ಬಿಚ್ಚಿಕೊಳ್ಳುತ್ತಾ ಹೋಯಿತು, ತಿಂಗಳೊಳಗೆ ಬಟನ್ ಕೈಗೆ ಬಂತು. ಮುಂದಿನ ಸಲ ನಾಲ್ಕು ಕಾಸು ಉಳಿಸೋಣ ಅಂತ ಕಬ್ಬಿಣಕ್ಕೆ ಪಾಲಿಶ್ ಕೊಟ್ಟ ಬಟನ್ ತಂದೆ. ನಾನಿರುವುದು ಮಂಗಳೂರಲ್ಲಿ. ಒಂದೇ ಮಳೆಗಾಲಕ್ಕೆ ಲೈನಿಂಗ್ ಮೇಲೆಲ್ಲಾ ತುಕ್ಕಿನ ಕಲೆ. ಎರಡೂ ಸೇರಿ ಹತ್ತಿರ ಹತ್ತಿರ 20 ಸಾವಿರ ಕೈಬಿಟ್ಟಿತು.

ನಮ್ಮ ತಪ್ಪು ಏನೆಂದರೆ, ಎಳೆತವನ್ನೆಲ್ಲಾ ಖಣದ ಮೇಲೇ ಬಿಟ್ಟಿದ್ದೆವು. ಈಗ ಎರಡು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿಯನ್ನು ಒಳಗಡೆಯಿಂದ ಬಾಯಿಯ ಹೊಲಿಗೆವರೆಗೂ ಒಯ್ದು, ಆ ಹೊಲಿಗೆಯಲ್ಲೇ ಸೇರಿಸಿಬಿಡುತ್ತೇನೆ. ಬಟನ್ನಿನ ಕಾಲು, ಅಂದರೆ ಹಿಂದಿರುವ ಬಗ್ಗುವ ತಗಡು, ಹೋಗುವುದು ಆ ಪಟ್ಟಿಯೊಳಗೆ, ಹಾಗಾಗಿ ಬಟನ್ ಎಳೆದರೆ ಹೊಲಿಗೆ ಹಿಡಿಯುತ್ತದೆ. ಸೀಳು ಕಾಲಿಗಿಂತ ಸ್ವಲ್ಪ ಚಿಕ್ಕದಿರಲಿ. ಕಾಲು ಹೊರಗಡೆಗೆ, ಇಕ್ಕಳದಲ್ಲೇ ಬಗ್ಗಿಸಿ. ಸುತ್ತಿಗೆ ಹಿಡಿದು ನಾನು ಆರೇಳು ಮ್ಯಾಗ್ನೆಟ್ ಒಡೆದಿದ್ದೇನೆ. ಸೀಳಿನ ಅಂಚಿಗೆ ಒಂದು ಅಂಟು ಸವರುತ್ತೇನೆ, ಅದರ ಹೆಸರು ಮಾತ್ರ ಕೇಳಬೇಡಿ.

ಬ್ಯಾಗಿನ ಹೆಗಲಪಟ್ಟಿ ಸಿಕ್ಕಿಸುವ ಡಾಗ್ ಹುಕ್ ಕೊಳ್ಳುವಾಗ "ಹಿತ್ತಾಳೆ" ಅಂದರೆ ನಂಬಬೇಡಿ. ಮ್ಯಾಗ್ನೆಟ್ ಹಿಡಿದರೆ ಕಬ್ಬಿಣ ಅಂತ ಗೊತ್ತಾಗುತ್ತದೆ, ಆದರೆ ಜಿಂಕ್ ಮಿಶ್ರಲೋಹವೂ ಹಿತ್ತಾಳೆಯ ಹಾಗೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಮೂಲೆಯಲ್ಲಿ ಸ್ವಲ್ಪ ಅರ ಹಾಕಿ ನೋಡಿ: ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಜಿಂಕ್. ಅರ ತೆಗೆದರೆ ಅಂಗಡಿಯವರು ಗುರಾಯಿಸುತ್ತಾರೆ, ಹಾಗಾಗಿ ಒಂದು ಹುಕ್ ಕೊಂಡೇ ಉಜ್ಜುತ್ತೇನೆ.

ಮಧ್ಯೆ ಉಳಿದ ಕಬ್ಬಿಣದ ಬಟನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ್ದೂ ಉಂಟು. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಉಜ್ಜುವ ಕಡೆಯೆಲ್ಲಾ ಮತ್ತೆ ತುಕ್ಕು. ಹಿತ್ತಾಳೆ ಹುಕ್ಕನ್ನು ಹಳೇ ಕಾಲದ್ದರಂತೆ ಕಪ್ಪಾಗಿಸಲು ವಿನೆಗರ್, ಉಪ್ಪಿನ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟೆ, ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಹಸಿರು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಮೊದಲಿಗಿಂತ ಫಳಫಳ. ಅದನ್ನೂ ಮಾರಿಬಿಟ್ಟೆ, 50 ರೂಪಾಯಿ ಜಾಸ್ತಿಗೇ.