ಐದೇ ಗೇರು ಸಾಕು ಅಂದಾಗ ಎಲ್ಲರೂ ನಕ್ಕಿದ್ದರು

ಹೋದ ಸೀಸನ್ನಿನ ಕೊನೆಯ ಟ್ರ್ಯಾಕ್ ದಿನ ನನ್ನ ಕಾರು ತನ್ನ ಹಳೆಯ ಲ್ಯಾಪ್ ಟೈಮಿಗಿಂತ ಹೆಚ್ಚುಕಡಿಮೆ ಒಂದೂವರೆ ಸೆಕೆಂಡ್ ಬೇಗ ಸುತ್ತಿ ಬಂತು. ಇಂಜಿನ್ ಅದೇ. ಟೈರಿನ ಕಂಪೌಂಡ್ ಅದೇ. ಓಡಿಸಿದವನೂ ಅದೇ ನಾನು, ಒಂದು ವರ್ಷ ವಯಸ್ಸು ಜಾಸ್ತಿ ಆಗಿತ್ತು ಅಷ್ಟೆ. ಮುಖ್ಯವಾಗಿ ಬದಲಾಗಿದ್ದು ಗೇರ್‌ಬಾಕ್ಸ್ ಮತ್ತು ಹಿಂದಿನ ಕ್ರೌನ್-ಪಿನಿಯನ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ (ಡಿಫ್) ಒಳಗಿನ ಗೇರುಗಳ ಜೋಡಿ. ಅದೂ ಆರು ಗೇರಿನಿಂದ ಐದಕ್ಕೆ ಇಳಿದು! "ಜನ ಮುಂದಕ್ಕೆ ಹೋದರೆ ನೀನು ಹಿಂದಕ್ಕೆ ಹೋಗ್ತೀಯಲ್ಲೋ" ಅಂದವರೇ ಈಗ ಫೋನ್ ಮಾಡಿ ರೇಷಿಯೋ (ಗೇರಿನ ಆ ಕಡೆ ಒಂದು ಸುತ್ತಿಗೆ ಇಂಜಿನ್ ಕಡೆ ಎಷ್ಟು ಸುತ್ತು ಅನ್ನುವ ಅಂಕಿ; ಅದು ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಡಿಮೆ) ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು. ಅಂಕಿಗಳೆಲ್ಲ ನೆನಪಿನಿಂದ ಬರೆಯುತ್ತಿರುವವು, ಒಂದೆರಡು ಕಿಲೋಮೀಟರ್ ಆಚೀಚೆ ಆದರೆ ಜಗಳಕ್ಕೆ ಬರಬೇಡಿ.

ಕಾರು ಲೋಟಸ್ ಸೆವೆನ್ ಅನ್ನುವ ಹಗುರ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಜಾತಿಯದ್ದು. ಪೈಪ್ ಚಾಸಿ, ಬಾಗಿಲಿಲ್ಲ, ಮೇಲ್ಛಾವಣಿ ಇಲ್ಲ. ಮಜ್ದಾ ಎಂಎಕ್ಸ್-5ರ 1.8 ಇಂಜಿನ್, ಸಿಲಿಂಡರಿಗೊಂದರಂತೆ ಗಾಳಿ ಬಿಡುವ ನಾಲ್ಕು ಥ್ರಾಟಲ್ ಬಾಡಿ, ಸುಮಾರು 165 ಎಚ್‌ಪಿ. ಟಾರ್ಕ್ 170 ನ್ಯೂಟನ್ ಮೀಟರ್ ಆಸುಪಾಸು. ತೂಕ 600 ಕೆಜಿ, ನಾನು ಕೂತರೆ 680. ಲಿಮಿಟರ್ ಇಂಜಿನ್ನನ್ನು ತಡೆಯುವುದು 7200 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು). ರಸ್ತೆಗೆ 195/50 ಆರ್15 ಟೈರ್.

ನನ್ನ ಮೊದಲ ಆಸೆ ಸೀಕ್ವೆನ್ಷಿಯಲ್ ಬಾಕ್ಸ್, ಲಿವರನ್ನು ಹಿಂದೆ ಮುಂದೆ ಮಾತ್ರ ಆಡಿಸಿ ಒಂದೊಂದೇ ಗೇರು ಹಾಕುವ ರೇಸ್ ಗೇರ್‌ಬಾಕ್ಸ್. ಯಾರಿಗಿಲ್ಲ ಹೇಳಿ? ಗೆಳೆಯನೊಬ್ಬನ ಕಾರಿನಲ್ಲಿ ಇತ್ತು, ಎರಡು ದಿನ ಬೇಡಿಕೊಂಡು ಓಡಿಸಿದೆ. ಟ್ರ್ಯಾಕಿನಲ್ಲಿ ಸ್ವರ್ಗ. ಆಕ್ಸಿಲರೇಟರ್ ಒತ್ತಿಕೊಂಡೇ ಲಿವರ್ ಎಳೆದರೆ ಟಕ್ ಅಂತ ಗೇರು ಕೂರುತ್ತದೆ. ಮನೆಗೆ ವಾಪಸ್ ಬರುವಾಗ ಬಣ್ಣ ಬಯಲಾಯಿತು. ನೇರ ಹಲ್ಲಿನ ಗೇರುಗಳ ಕೂಗು, ಟ್ರಾಫಿಕ್ಕಿನಲ್ಲಿ ತೆವಳುವಾಗ ಬೆನ್ನಿಗೆ ಒದ್ದ ಹಾಗೆ ಝಾಡಿಸುವುದು. ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಆಮೇಲೆ ಕೊಟೇಶನ್ ಬಂತು. ನನ್ನ ಇಂಜಿನ್‌ಗೆ ಒಟ್ಟು ಸುರಿದ ದುಡ್ಡಿನ ಎರಡರಷ್ಟು. ಲಿವರಿನ ಸೆನ್ಸರ್, ಇಗ್ನಿಷನ್ ಕಟ್ ಮಾಡುವ ವೈರಿಂಗ್, ಆಗಾಗ ಬಿಚ್ಚಿ ಗೇರನ್ನು ಹಿಡಿಯುವ ಡಾಗ್ ರಿಂಗ್ ಬದಲಿಸುವ ಖರ್ಚು ಬೇರೆ. ಆ ಕಾಗದ ಇನ್ನೂ ಗ್ಯಾರೇಜಿನ ಗೋಡೆ ಮೇಲಿದೆ, ತಲೆ ತಿರುಗಿದಾಗ ನೋಡಿಕೊಳ್ಳೋಕೆ.

ಹಾಗಾಗಿ ಡೋನರ್ ಕಾರಿನ (ಇಂಜಿನ್ ಬಿಚ್ಚಿಕೊಂಡ ಹಳೆಯ ಎಂಎಕ್ಸ್-5) ಜೊತೆ ಬಂದಿದ್ದ ಐದು ಗೇರಿನ ಬಾಕ್ಸ್ ಮಾರಿ, ಎರಡನೇ ತಲೆಮಾರಿನ ಎಂಎಕ್ಸ್-5ರ ಆರು ಗೇರಿನದ್ದು ತಂದೆ. ನಾಲ್ಕೈದು ಕೆಜಿ ತೂಕ ಜಾಸ್ತಿ, ಇರಲಿ ಅಂದುಕೊಂಡೆ. ಹಿಂದೆ ಡೋನರ್‌ನ 4.1 ಡಿಫ್ ಹಾಗೇ ಉಳಿಯಿತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೆ ಒಂದು ತಿಂಗಳು ಸುಮ್‌ಸುಮ್ನೆ ಗೇರು ಬದಲಿಸುತ್ತಾ ಖುಷಿಪಟ್ಟೆ.

ಆಮೇಲೆ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಆ ಬಾಕ್ಸಿನ ರೇಷಿಯೋ 3.76, 2.27, 1.65, 1.26, 1.00, 0.84. 4.1 ಡಿಫ್ ಜೊತೆ 7200ರಲ್ಲಿ ಒಂದೊಂದು ಗೇರು ಮುಗಿಯುವುದು ಗಂಟೆಗೆ 50, 83, 115, 150, 189, 224 ಕಿಲೋಮೀಟರ್ ವೇಗಕ್ಕೆ. ಒಂದನೇ ಗೇರು ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ನಮ್ಮ ಟ್ರ್ಯಾಕಿನ ಹೇರ್‌ಪಿನ್ ಅನ್ನುವ ಯು ಆಕಾರದ ತಿರುವಿನಿಂದ 50ರಲ್ಲಿ ಹೊರಟರೆ, ಸ್ಟೀರಿಂಗ್ ಇನ್ನೂ ನೇರ ಆಗುವ ಮೊದಲೇ ಎರಡನೇದು ಮುಗಿಯುತ್ತದೆ. ದೊಡ್ಡ ಬಲ ತಿರುವಿಗೆ 95ರಲ್ಲಿ ಒಳಗೆ ಹೋಗಿ 120 ದಾಟಿ ಹೊರಗೆ ಬರಬೇಕು. ಮೂರನೇದು ಸಾಯುವುದು 115ಕ್ಕೆ, ಸರಿಯಾಗಿ ತಿರುವಿನ ಮಧ್ಯದಲ್ಲಿ! ಅಲ್ಲಿ ಕ್ಲಚ್ ತುಳಿದರೆ ಹಿಂಭಾಗ ಅಲುಗಾಡುತ್ತದೆ. ತುಳಿಯದಿದ್ದರೆ ಲಿಮಿಟರ್ ಬಡಿಯುತ್ತದೆ. ವಿಡಿಯೋ ನೋಡಿ ಎಣಿಸಿದೆ: ಒಂದು ಲ್ಯಾಪಿಗೆ 22 ಶಿಫ್ಟ್. ಇಂಥ ಕಾರಿಗೆ ಗಾಳಿಯೇ ಗೋಡೆ, ಕ್ಲಚ್ ತುಳಿದ ಪ್ರತಿ ಕ್ಷಣವೂ ಸಣ್ಣ ಬ್ರೇಕ್ ಒತ್ತಿದ ಹಾಗೆ. ಬಾಕ್ಸಿನದ್ದೇನೂ ತಪ್ಪಿಲ್ಲ, ಅದು ಇನ್ನೂ ನಾನೂರು ಕೆಜಿ ಜಾಸ್ತಿ ಇರುವ ಕಾರಿಗೆ ಮಾಡಿದ್ದು.

ಫೋರ್ಡ್ ಕಂಪನಿಯ ಟೈಪ್ 9 ಅನ್ನುವ ಐದು ಗೇರಿನ ಬಾಕ್ಸ್ ಗೊತ್ತಿರುವವರಿಗೆ ಈ ಮಾತು ಹೊಸದಲ್ಲ. ಸೆವೆನ್ ಜಾತಿಯ ಕಾರುಗಳಲ್ಲಿ ಅದು ಬಹಳ ಕಾಲ ಓಡಿದೆ. ಆದರೆ ಅದರ ಒಂದನೇ ಗೇರು 3.65, ಎರಡನೇದು 1.97. 7000ದಲ್ಲಿ ಬದಲಿಸಿದರೆ ಆರ್‌ಪಿಎಂ ಮುಳ್ಳು 3800ಕ್ಕೆ ಬೀಳುತ್ತದೆ. ಫೋರ್ಡ್ ಸಿಯೆರಾದಂಥ ಸಂಸಾರದ ಕಾರನ್ನು ದಿಬ್ಬ ಹತ್ತಿಸೋಕೆ ಅದು ಸರಿ, ನಮಗಲ್ಲ. ಹಾಗಾಗಿಯೇ ಸುಮಾರು ಜನ ವಿ6 ಕಾರಿನ 3.36ರ ಒಂದನೇ ಗೇರಿರುವ ಬಾಕ್ಸ್ ಹುಡುಕುವುದು.

ಈಗ ನನ್ನ ತಲೆಗೆ ಹೊಳೆದದ್ದು. ಎಂಎಕ್ಸ್-5ರ ಐದು ಗೇರಿನ ಬಾಕ್ಸ್: 3.14, 1.89, 1.33, 1.00, 0.81. ಅದಕ್ಕೆ ಎಲ್ಲರೂ 4.1 ಅಥವಾ 4.3 ಡಿಫ್ ಹಾಕುತ್ತಾರೆ. 3.636 ಡಿಫ್ ಬಂದಿದ್ದು ಆರು ಗೇರಿನ ಕಾರುಗಳಲ್ಲಿ. ಇವೆರಡನ್ನೂ ಅಡ್ಡಾದಿಡ್ಡಿ ಮದುವೆ ಮಾಡಿಸಿದರೆ? ಗೇರುಗಳು ಮುಗಿಯುವುದು 68, 113, 160, 213, 261ಕ್ಕೆ. ಈ ಕಾರು ಗಾಳಿಗೆ ಎದೆ ಕೊಟ್ಟು 205ರ ಮೇಲೆ ಹೋಗುವುದಿಲ್ಲ, ಪರೀಕ್ಷೆ ಮಾಡಿದ್ದೇನೆ. ಅಂದರೆ ನಾಲ್ಕನೇ ಗೇರೇ ಟಾಪ್ ಸ್ಪೀಡ್ ಗೇರು. ಅದು ನೇರ (1.00) ಗೇರು ಕೂಡ, ಲೇ ಶಾಫ್ಟ್ ಅನ್ನುವ ಪಕ್ಕದ ದಂಡದ ಮೇಲೆ ಭಾರ ಬೀಳುವುದಿಲ್ಲ, ನಷ್ಟ ಕಡಿಮೆ. ಐದನೇದು ಹೆದ್ದಾರಿಗೆ: 110ರಲ್ಲಿ 3000 ಆರ್‌ಪಿಎಂ. ಮೊದಲು 3500 ಇತ್ತು, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಟ್ರ್ಯಾಕಿಗೆ ನಾಲ್ಕು, ರಸ್ತೆಗೆ ಒಂದು. ನನಗೆ ಬೇಕಾಗಿದ್ದು ಇಷ್ಟೇ ಅಲ್ವಾ?

ಹೇಳಿದ ಕೂಡಲೇ ನಗು. "ಕಾರು ಎಮ್ಮೆ ಥರ ಆಗುತ್ತೆ ನೋಡು" ಅಂತ ಒಬ್ಬ. "ಐದು ಗೇರಿನದ್ದು ಗಾಜಿನ ಬಾಕ್ಸ್" ಅಂತ ಇನ್ನೊಬ್ಬ. ಟರ್ಬೊ ಹಾಕಿದವರು ಅದರ ಹಲ್ಲು ಉದುರಿಸಿದ್ದಾರೆ, ನಿಜ. ಆದರೆ ನನ್ನದು 170 ನ್ಯೂಟನ್ ಮೀಟರ್. ಹಗುರ ಕಾರಿನಲ್ಲಿ ಹಲ್ಲು ಮುರಿಯುವಷ್ಟು ಏಟು ಬೀಳುವ ಮೊದಲೇ ಟೈರ್ ಜಾರುತ್ತದೆ. ಇದನ್ನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಬಾಕ್ಸ್ ಮತ್ತೆ ಕೊಳ್ಳಬೇಕಾಯಿತು. ಮಾರಿದ್ದಕ್ಕಿಂತ ಎರಡೂವರೆ ಪಟ್ಟು ಕೊಟ್ಟೆ. ಈ ಪ್ರಾಜೆಕ್ಟಿನಲ್ಲಿ ನನ್ನ ಅತಿ ದೊಡ್ಡ ದಡ್ಡತನ ಇದೇ. ಬಿಚ್ಚಿದ ಭಾಗ ಯಾವುದನ್ನೂ ಮಾರಬೇಡಿ.

ಕ್ರೌನ್-ಪಿನಿಯನ್ ಕೂರಿಸೋಕೆ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ 90ರ ಹತ್ತಿರ ಸೊಳ್ಳೆ ಥರ ಕೊಂಯ್ ಅಂತಿತ್ತು. ಬಿಚ್ಚಿ ಬಣ್ಣ ಹಚ್ಚಿ ತಿರುಗಿಸಿದರೆ ಹಲ್ಲಿನ ಗುರುತು ಪೂರಾ ಅಂಚಿಗೆ ಹೋಗಿತ್ತು. ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲ) ಮಾತ್ರ ಅಳೆದಿದ್ದರು, ಪಿನಿಯನ್ ಅನ್ನುವ ಚಿಕ್ಕ ಗೇರು ಎಷ್ಟು ಆಳಕ್ಕೆ ಕೂತಿದೆ ಅನ್ನುವುದನ್ನು ಮುಟ್ಟಿಯೇ ಇರಲಿಲ್ಲ. ತೆಳು ತಗಡಿನ ಶಿಮ್ ಹಾಕಿ ತೆಗೆದು ಹಾಕಿ ತೆಗೆದು, ನಾನೇ ಮೂರು ರಾತ್ರಿ ಕೂತು ಸರಿ ಮಾಡಿದೆ. ಕೂಲಿ ಎರಡು ಸಲ ಹೋಯಿತು, ಒಂದು ಸಲ ದುಡ್ಡಿನಲ್ಲಿ, ಒಂದು ಸಲ ನಿದ್ದೆಯಲ್ಲಿ.

ಬಾಕ್ಸನ್ನು ಹಿಡಿದಿಡುವ ಮೌಂಟಿನ ಕಥೆ ಇನ್ನೂ ಕೆಟ್ಟದ್ದು. ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸಿನ ಬಾಲಕ್ಕೂ ಡಿಫ್‌ಗೂ ಒಂದು ಉದ್ದ ಅಲ್ಯೂಮಿನಿಯಂ ತೊಲೆ ಇರುತ್ತದೆ, ಅದೇ ಮೌಂಟ್. ನಮ್ಮ ಚಾಸಿಯಲ್ಲಿ ಅದಿಲ್ಲ. ನಾನು ಬಾಲದ ಬೋಲ್ಟ್ ತೂತುಗಳಿಗೆ ಸ್ಟೀಲ್ ಬ್ರಾಕೆಟ್ ಹಾಕಿ ಗಟ್ಟಿಯಾಗಿ ಬಿಗಿದೆ. ರಬ್ಬರ್ ಇಲ್ಲ. ಆರು ವಾರಕ್ಕೆ ಹೌಸಿಂಗಿನ ಕಿವಿ ಬಿರುಕು ಬಿಟ್ಟು ಆಯಿಲ್ ಎಕ್ಸಾಸ್ಟ್ ಮೇಲೆ ಸುರಿದು ಹೊಗೆಯೋ ಹೊಗೆ. ಎರಡನೇ ಹೌಸಿಂಗಿಗೆ ರಬ್ಬರ್ ಬುಷ್ ಹಾಕಿದೆ. ಬುಷ್ ಎಷ್ಟು ಗಟ್ಟಿ ಇರಬೇಕು, ಯಾವ ಕಡೆ ಎಷ್ಟು ಸಡಿಲ ಬಿಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದು ಹೌಸಿಂಗ್ ಕೊಟ್ಟು ಕಲಿತ ಪಾಠ, ಪುಕ್ಕಟೆ ಸಿಗಲ್ಲ.

ಬಾಕ್ಸನ್ನು ಇಂಜಿನ್‌ಗೆ ನೇರವಾಗಿ ಕೂರಿಸುವ ಬೆಲ್ ಹೌಸಿಂಗಿನ ಡೌಲ್ ಪಿನ್ ಮರೆಯಬೇಡಿ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಮರೆತಿದ್ದೆ. ಬಾಕ್ಸಿನ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಪುಡಿಯಾಯಿತು.

ಆಯಿಲ್ ವಿಷಯದಲ್ಲೂ ಕೈ ಸುಟ್ಟುಕೊಂಡೆ. ಡಿಫ್‌ಗೆ ತಂದ ಜಿಎಲ್-5 ದರ್ಜೆಯ ಗೇರ್ ಆಯಿಲ್ ಮಿಕ್ಕಿತ್ತು, ಅದನ್ನೇ ಬಾಕ್ಸಿಗೂ ಹಾಕಿದೆ. ಗೇರು ಹಾಕುವಾಗ ವೇಗ ಹೊಂದಿಸುವ ಸಿಂಕ್ರೊ, ಹಿಡಿಯಬೇಕಾದ ಜಾಗದಲ್ಲಿ ಜಾರಿತು. ಎರಡನೇ ಗೇರಿಗೆ ಹಾಕುವಾಗೆಲ್ಲ ಹಲ್ಲು ಕಡಿದ ಸದ್ದು. ಮೂರು ಟ್ರ್ಯಾಕ್ ದಿನಕ್ಕೆ ಎರಡನೇ ಸಿಂಕ್ರೊ ರಿಂಗ್ ಸವೆದು ಕೂತಿತ್ತು. ಈಗ ಜಿಎಲ್-4 75ಡಬ್ಲ್ಯು-90, ಲೆವೆಲ್ ತೂತಿಗಿಂತ ಸ್ವಲ್ಪ ಮೇಲೆ. ಅದರ ಜೊತೆ ಇನ್ನೊಂದು ಸ್ವಲ್ಪ ಬೆರೆಸುತ್ತೇನೆ. ಏನು ಅಂತ ಕೇಳಬೇಡಿ.

ಇಷ್ಟೆಲ್ಲ ಆಗಿ ಕಾರು ಟ್ರ್ಯಾಕಿಗೆ ಬಂತು. ಮೊದಲ ದಿನ ಹಳೆಯದಕ್ಕಿಂತ ಅರ್ಧ ಸೆಕೆಂಡ್ ನಿಧಾನ! ಎಮ್ಮೆ ಅಂದವನು ಪಿಟ್ಟಿನಲ್ಲೇ ನಿಂತಿದ್ದ, ಏನೂ ಮಾತಾಡಲಿಲ್ಲ, ಬರೀ ನಕ್ಕ. ಹೇರ್‌ಪಿನ್ನಿನಿಂದ 50ರಲ್ಲಿ ಹೊರಟರೆ ಎರಡನೇ ಗೇರಿನಲ್ಲಿ 3200 ಆರ್‌ಪಿಎಂ. ಥ್ರಾಟಲ್ ಬಾಡಿ ಇಂಜಿನ್‌ಗೆ ಅಲ್ಲಿ ಇನ್ನೂ ನಿದ್ದೆ. ಬೇರೆ ಎಲ್ಲ ಕಡೆ ಗಳಿಸಿದ್ದನ್ನು ಅಲ್ಲೊಂದರಲ್ಲೇ ಕಳೆದುಕೊಳ್ಳುತ್ತಿದ್ದೆ.

ಮೊದಲು ಇಂಜಿನ್ನಿನ ಹಿಂದಿನ ಭಾರದ ಚಕ್ರ, ಫ್ಲೈವೀಲ್ ಮೇಲೆ ಅನುಮಾನ ಬಂತು. ಅರ್ಧ ತೂಕದ್ದು ಹಾಕಿದೆ. ಶಿಫ್ಟ್ ಚುರುಕಾಯಿತು, ಆದರೆ ಉದ್ದ ಒಂದನೇ ಗೇರಿನ ಜೊತೆ ಸಿಗ್ನಲ್ಲಿನಲ್ಲಿ ದಿನಕ್ಕೆ ಮೂರು ಸಲ ಆಫ್ ಆಗೋದು. ಹಿಂದಿನವರ ಹಾರ್ನ್ ಅಭ್ಯಾಸ ಆಗಿದೆ. ಹೇರ್‌ಪಿನ್ ಮಾತ್ರ ಹಾಗೇ ಇತ್ತು. ಲಿವರ್ ಗಿಡ್ಡ ಮಾಡಿಯೂ ನೋಡಿದೆ. ಅದು ಬರೀ ಶೋಕಿ, ಕೈ ನೋವು, ಸಿಂಕ್ರೊಗೆ ಹಿಂಸೆ. ವಾಪಸ್ ಉದ್ದದ್ದೇ ಹಾಕಿದೆ.

ಕೆಲಸ ಮಾಡಿದ್ದು ಎರಡು. ಒಂದು, ಇಂಜಿನ್‌ಗೆ ಗಾಳಿ ಎಳೆಯುವ ಕೊಳವೆಗಳನ್ನು, ಇನ್‌ಟೇಕ್ ಟ್ರಂಪೆಟ್ಟುಗಳನ್ನು ಉದ್ದ ಮಾಡಿದ್ದು. ಪಿವಿಸಿ ಪೈಪ್ ತುಂಡು ಕತ್ತರಿಸಿ ಕತ್ತರಿಸಿ ನೋಡಿ, ಸರಿ ಹೋದ ಮೇಲೆ ಅಲ್ಯೂಮಿನಿಯಂ. 3000ದಿಂದ 4500ರ ನಡುವೆ ಎಳೆತ ಬಂತು, ಮೇಲೆ ಮೂರ್ನಾಲ್ಕು ಎಚ್‌ಪಿ ಹೋಯಿತು. ಉದ್ದ ಎಷ್ಟು ಅಂತ ನಿಮ್ಮ ಇಂಜಿನ್ನೇ ಹೇಳಬೇಕು.

ಎರಡನೆಯದು ಟೈರ್. ಆಗಲೇ ಟೈರಿನ ಕಂಪೌಂಡ್ ಅದೇ ಅಂದೆ, ಅಳತೆ ಅದೇ ಅನ್ನಲಿಲ್ಲ. ಟ್ರ್ಯಾಕಿಗೆ ಮಾತ್ರ 185/60 ಆರ್13. ವ್ಯಾಸ 576 ಮಿಲಿಮೀಟರಿನಿಂದ 552ಕ್ಕೆ, ಅಂದರೆ ಸುಮಾರು ನಾಲ್ಕು ಪರ್ಸೆಂಟ್. 3.636 ಡಿಫ್ ಬಿಚ್ಚದೆಯೇ ಹತ್ತಿರ ಹತ್ತಿರ 3.8 ಆದ ಹಾಗೆ. ಎರಡನೇದು 108ಕ್ಕೆ, ಮೂರನೇದು 153ಕ್ಕೆ, ನಾಲ್ಕನೇದು 204ಕ್ಕೆ. ದೊಡ್ಡ ಬಲ ತಿರುವು ಪೂರಾ ಮೂರನೇದರಲ್ಲೇ ಮುಗಿಯುತ್ತದೆ. ಚಕ್ರವೂ ಹಗುರ. ಬ್ರೇಕ್ ಕ್ಯಾಲಿಪರ್ ಒಳಗೆ ಕೂರುತ್ತಾ ಅಂತ ಮೊದಲೇ ನೋಡಿಕೊಳ್ಳಿ, ನಾನು ಒಂದು ಸೆಟ್ ಚಕ್ರ ತಂದು ವಾಪಸ್ ಕೊಟ್ಟಿದ್ದೇನೆ. "ಗಳಿಸಿದ್ದೆಲ್ಲ ಟೈರಿಂದ" ಅಂತ ವಾದ ಮಾಡುವವರಿಗೆ: ಆರು ಗೇರಿನ ಕಾಲದಲ್ಲೂ ಸಾಲ ತಂದ 13 ಇಂಚಿನ ಚಕ್ರ ಹಾಕಿ ನೋಡಿದ್ದೆ. ಗೇರುಗಳು ಇನ್ನೂ ಗಿಡ್ಡ ಆಗಿ ಟೈಮ್ ಇನ್ನೂ ಕೆಟ್ಟಿತ್ತು.

ಈಗ ಲ್ಯಾಪಿಗೆ 14 ಶಿಫ್ಟ್. ಹೇರ್‌ಪಿನ್ನಿನಿಂದ ಹೊರಡುವಾಗ ಹಿಂದಿನ ಚಕ್ರ ಸುಮ್ನೆ ತಿರುಗುವುದೂ ನಿಂತಿದೆ. ಮೊದಲು ಗಿಡ್ಡ ಎರಡನೇ ಗೇರಿನಲ್ಲಿ ಟೈರ್ ತಡೆಯುವುದಕ್ಕಿಂತ ಜಾಸ್ತಿ ಎಳೆತ ಹೋಗುತ್ತಿತ್ತು, ಅರ್ಧ ಶಕ್ತಿ ಹೊಗೆಯಾಗುತ್ತಿತ್ತು. ಒಟ್ಟು ಖರ್ಚು, ಒಡೆದ ಹೌಸಿಂಗ್, ಎರಡನೇ ಸಲದ ಬಾಕ್ಸ್, ಚಕ್ರ ಎಲ್ಲ ಸೇರಿಸಿದರೂ ಆ ಸೀಕ್ವೆನ್ಷಿಯಲ್ ಕೊಟೇಶನ್ನಿನ ಕಾಲು ಭಾಗ ದಾಟಿಲ್ಲ.

ಎಮ್ಮೆ ಅಂದಿದ್ದ ಗೆಳೆಯ ಮೊನ್ನೆ ಬಂದು 3.6 ಡಿಫ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ನಾನು ಆಗ ಆಯಿಲ್ ಬದಲಿಸುತ್ತಿದ್ದೆ. ಡ್ರೈನ್ ಪ್ಲಗ್ಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ಪೇಸ್ಟ್ ಒಂಚೂರು, ಲೋಹದ ಚೂರು ಒಂದೂ ಇಲ್ಲ. ಹಳೆ ಆಯಿಲನ್ನು ಗಾಜಿನ ಬಾಟಲಿಗೆ ಹಾಕಿ ಬಿಸಿಲಿಗೆ ಹಿಡಿದೆವು. ಹಿತ್ತಾಳೆಯ ಹೊಳಪೂ ಇರಲಿಲ್ಲ. "ಅದರಲ್ಲಿ ಏನು ಬೆರೆಸಿದ್ದೀಯ?" ಅಂದ. ಡಿಫ್ ಎಲ್ಲಿ ಸಿಗುತ್ತೆ ಅನ್ನೋದನ್ನ ಮಾತ್ರ ಹೇಳಿ ಕಳಿಸಿದೆ.